ಮೂರು ಪ್ರಶ್ನೆಯ ನಾಕಾ

ನಿಮ್ಮ ಓಣಿಯಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ. ವಾರ ಬಿಟ್ಟು ವಾರ ನೆಗಡಿ. ಒಂದು ಕುರು ಆರಿತು ಅನ್ನುವಷ್ಟರಲ್ಲಿ ಇನ್ನೊಂದು ಎದ್ದಿರುತ್ತದೆ. ಕಾಲಿಗೆ ಸಣ್ಣ ಗಾಯವಾದರೂ ತಿಂಗಳುಗಟ್ಟಲೆ ಮಾಯುವುದಿಲ್ಲ. ಏನಾಗಿದೆ ಎಂದು ಕೇಳಿದರೆ "ನನ್ನ ಹಣೇಬರಾ" ಅಂದು ಬಾಗಿಲು ಮುಚ್ಚಿಕೊಳ್ಳುತ್ತಾರೆ. ನಾವೂ ಸುಮ್ಮನೆ ಮುಂದೆ ಹೋಗುತ್ತೇವೆ. ನಮಗೇನು ಕೆಲಸ ಕಡಿಮೆಯೇ? ಹಾಗೆ ಮುಂದೆ ಹೋಗುತ್ತಿದ್ದ ಒಬ್ಬ ಗಾಡಿಯವನು ಒಂದು ದಿನ ನಿಂತ. ಅವನು ಯಾಕೆ ನಿಂತ ಅನ್ನುವುದೇ ಈ ಕಥೆ.

ಸ್ವಾತಂತ್ರ್ಯ ಬಂದ ಹೊಸದು. ಗದಗ-ಬೆಟಗೇರಿ ಮುಂಬಯಿ ಸರಕಾರದ ಕೈಯಲ್ಲಿತ್ತು. ಲಕ್ಷ್ಮೇಶ್ವರ ಒಬ್ಬ ರಾಜರ ಸಂಸ್ಥಾನಕ್ಕೆ ಸೇರಿತ್ತು, ಶಿರಹಟ್ಟಿ ಇನ್ನೊಬ್ಬ ರಾಜರ ಸಂಸ್ಥಾನಕ್ಕೆ. ಅದೇ ಎರೆ ಹೊಲ, ಅದೇ ಮಾತು, ಅದೇ ಜೋಳದ ರೊಟ್ಟಿ, ಆದರೂ ನಡುವೆ ಗಡಿ. ಗಡಿ ಇದ್ದಲ್ಲಿ ನಾಕಾ ಇರಬೇಕಲ್ಲ! ಗದಗಿನಿಂದ ಲಕ್ಷ್ಮೇಶ್ವರಕ್ಕೆ ಹೋಗುವ ಗಾಡಿದಾರಿಯಲ್ಲಿ ಒಂದು ಸುಂಕದ ನಾಕಾ ಇತ್ತು. ದಾರಿಗೆ ಅಡ್ಡಲಾಗಿ ಒಂದು ಉದ್ದನೆಯ ಕಂಬ, ಪಕ್ಕದಲ್ಲಿ ಖೋಲಿ ಅನ್ನುವ ಒಂದು ಸಣ್ಣ ಕೋಣೆ, ಖೋಲಿಯ ಮುಂದೆ ನಾಕೇದಾರ ಯಮನೂರಸಾಬ.

ಇಪ್ಪತ್ತೆರಡು ವರ್ಷ ಅವನು ಆ ಕಂಬ ಎತ್ತಿದ, ಇಳಿಸಿದ. ಎತ್ತುವ ಮೊದಲು ಪ್ರತಿ ಗಾಡಿಗೂ ಮೂರು ಪ್ರಶ್ನೆ ಕೇಳಬೇಕು. "ಎಲ್ಲಿಂದ? ಎಲ್ಲಿಗೆ? ಏನೈತಿ?" ಕೇಳುವುದು ಸರಕಾರಿ ಪ್ರಶ್ನೆ, ಆದರೆ ಬರುತ್ತಿದ್ದುದು ಮನೆಯ ಮಾತು. ಮೆಣಸಿನಕಾಯಿ ಚೀಲ ಐತಿ ಅಂದು ಸುಮ್ಮನಾಗುವ ಜನವೇ ನಮ್ಮವರು? ಮಗಳಿಗೆ ಗಂಡು ನೋಡಲು ಹೊರಟಿದ್ದು, ಎತ್ತಿನ ಕಾಲು ಉಳುಕಿದ್ದು, ಅತ್ತೆ ಮುನಿಸಿಕೊಂಡು ತಂಗಿಯ ಮನೆ ಸೇರಿದ್ದು, ಎಲ್ಲವೂ ಆ ಕಂಬದ ಮುಂದೆ ಹೊರಬೀಳುತ್ತಿತ್ತು. ಹೆಂಡತಿ ಸುಗ್ರಾಬಿ ತೀರಿಕೊಂಡ ಮೇಲೆ ಯಮನೂರಸಾಬ ಲಕ್ಷ್ಮೇಶ್ವರದ ಮನೆ ಬಿಟ್ಟು ಖೋಲಿಯಲ್ಲೇ ಉಳಿದುಬಿಟ್ಟ. ಮಕ್ಕಳಿರಲಿಲ್ಲ. ಎರಡು ಆಡು, ಒಂದು ತುಂಡು ಹೊಲ. ಆದರೂ ಒಂಟಿ ಅನ್ನಿಸಲಿಲ್ಲ. ದಿನಕ್ಕೆ ಮೂವತ್ತು ನಲವತ್ತು ಗಾಡಿಯವರು ಮಾತಾಡಿ ಹೋಗುವಾಗ ಯಾರಿಗೆ ತಾನೇ ಒಂಟಿ ಅನ್ನಿಸೀತು?

೧೯೪೮ರ ಯುಗಾದಿಯ ಮುಂದೆ ಸಂಸ್ಥಾನಗಳು ವಿಲೀನವಾದವು. ಹಲಗೆ ಬಾರಿಸುತ್ತ ಹುಡುಗರ ದಂಡು ಬಂತು. ಕಂಬದ ಹಗ್ಗ ಬಿಚ್ಚಿಕೊಟ್ಟವನು ಯಮನೂರಸಾಬನೇ. "ಇನ್ನ ಎಲ್ಲಾ ಒಂದ ಆತು, ಕಿತ್ತ ಒಗೀರಿ!" ಅಂದ, ಮನಸಾರೆ ಅಂದ. ಕಂಬ ಜಾರಿ ಅವನ ಎಡ ಮೊಣಕಾಲಿನ ಕೆಳಗೆ ಸವರಿಕೊಂಡು ಬಿತ್ತು. ಚರ್ಮ ಸುಲಿದು ಒಂದಿಷ್ಟು ರಕ್ತ ಬಂತು. ಯಾರೋ ಅರಿಶಿನ ಒತ್ತಿದರು. ಎಲ್ಲರೂ ನಕ್ಕು, ಬೆಲ್ಲ ಹಂಚಿ, ಹಲಗೆ ಬಾರಿಸುತ್ತ ಊರ ಕಡೆ ಹೋದರು.

ಮರುದಿನ ಮುಂಜಾನೆ ಮೊದಲ ಗಾಡಿ ಬಂತು. ನಿಲ್ಲಲಿಲ್ಲ. ಯಾಕೆ ನಿಲ್ಲಬೇಕು? ಎರಡನೆಯದೂ ನಿಲ್ಲಲಿಲ್ಲ. ಹೊತ್ತು ಮುಳುಗುವ ತನಕ ಖೋಲಿಯ ಮುಂದೆ ಕುಳಿತಿದ್ದ ಯಮನೂರಸಾಬ ಆ ದಿನ ಆಡಿದ ಮಾತು ಆಡುಗಳ ಜೊತೆ ಮಾತ್ರ.

ಗಡಿ ಹೋಗಿದ್ದು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಳ್ಳೆಯದಾದಾಗಲೂ ಒಬ್ಬೊಬ್ಬರ ಪಾಲಿಗೆ ಏನೋ ಮುರಿದುಬಿದ್ದಿರುತ್ತದೆ. ಅದನ್ನು ಹೇಳಿಕೊಳ್ಳಲು ಅವರಿಗೆ ನಾಚಿಕೆ. ಊರೆಲ್ಲ ಬೆಲ್ಲ ತಿನ್ನುವಾಗ "ನನಗೆ ಬೇಸರ" ಅಂದರೆ ಜನ ಏನಂದಾರು?

ಅಲ್ಲಿಂದ ಎರಡೂ ಕಡೆ ತಪ್ಪು ತಿಳಿವಳಿಕೆ ಬೆಳೆಯಿತು. ಯಮನೂರಸಾಬನ ತಲೆಯಲ್ಲಿ ಒಂದು ವಿಚಾರ ಹೊಕ್ಕಿತು. ಇಷ್ಟು ವರ್ಷ ಎಷ್ಟು ಗಾಡಿ ತಡೆದೆ! ಮಳೆಯಲ್ಲಿ ನಿಲ್ಲಿಸಿದೆ, ಬಿಸಿಲಲ್ಲಿ ನಿಲ್ಲಿಸಿದೆ, ಒಮ್ಮೆ ಹೆರಿಗೆ ನೋವಿನ ಹೆಂಗಸು ಮಲಗಿದ್ದ ಗಾಡಿಯನ್ನೂ ತಿಳಿಯದೆ ತಡೆದೆ. ಅವರೆಲ್ಲ ಬೈದ ಬೈಗುಳ ಈಗ ಮೈಗೆ ಹತ್ತಿದೆ, ಅದಕ್ಕೇ ಈ ಗಾಯ ಮಾಯುತ್ತಿಲ್ಲ. ಹೀಗೆಂದುಕೊಂಡು ಗಾಡಿಯ ಗೆಜ್ಜೆ ಕೇಳಿದೊಡನೆ ಎದ್ದು ಖೋಲಿಯೊಳಗೆ ಹೋಗಿ ಕೂರತೊಡಗಿದ. ಗಾಡಿಯವರೋ, "ನೋಡ್ರಲೇ, ಅಧಿಕಾರ ಹೋತಂತ ನಾಕೇದಾರಗ ಸಿಟ್ಟು. ಮಾರಿ ಸೈತ ತೋರ್ಸವಲ್ಲ" ಅಂದುಕೊಂಡು ಎತ್ತಿನ ಬಾಲ ತಿರುವಿದರು.

ಒಳಗೆ ಕುಳಿತವನು ಸುಮ್ಮನಿರುತ್ತಿರಲಿಲ್ಲ. ಗೆಜ್ಜೆಯ ಸದ್ದಿನಲ್ಲೇ ಯಾರ ಗಾಡಿ ಅನ್ನುವುದು ಅವನಿಗೆ ಗೊತ್ತು. "ಎಲ್ಲಿಂದ?" ಎಂದು ಮೆಲ್ಲಗೆ ಕೇಳುವನು. "ಮಲ್ಲಸಮುದ್ರದಿಂದ" ಎಂದು ತಾನೇ ಹೇಳುವನು. "ಎಲ್ಲಿಗೆ?" "ಲಕ್ಷ್ಮೇಶ್ವರದ ಸಂತಿಗೆ." "ಏನೈತಿ?" ಅದಕ್ಕೆ ಉತ್ತರ ಗೊತ್ತಿರುತ್ತಿರಲಿಲ್ಲ. ಗಾಡಿ ಅಷ್ಟರಲ್ಲಿ ದೂರ ಹೋಗಿರುತ್ತಿತ್ತು.

ನಿದ್ದೆ ಹೋಯಿತು. ಒಬ್ಬನಿಗೇ ಒಲೆ ಹಚ್ಚುವುದು ಯಾಕೆಂದು ಒಂದು ಹೊತ್ತಿನ ಊಟ ಎರಡು ಹೊತ್ತಿಗೆ ಎಳೆದ. ಶಿರಹಟ್ಟಿಯಲ್ಲಿದ್ದ ತಂಗಿ ಅಮೀನಬಿ ಎರಡು ಸಲ ಹೇಳಿ ಕಳಿಸಿದರೂ ಹೋಗಲಿಲ್ಲ. ಶುಕ್ರವಾರದ ನಮಾಜಿಗೆ ಲಕ್ಷ್ಮೇಶ್ವರಕ್ಕೆ ಹೋಗುವುದನ್ನೂ ಬಿಟ್ಟ. ತಿಂಗಳಲ್ಲಿ ಎರಡು ಸಲ ನೆಗಡಿ ಜ್ವರ ಬಂತು, ಬೆನ್ನಿಗೆ ಕುರು ಎದ್ದವು. ಹದಿನೈದು ದಿನದಲ್ಲಿ ಮಾಯಬೇಕಾಗಿದ್ದ ಕಾಲಿನ ಗಾಯ ಆಷಾಢ ಕಳೆದರೂ ಬಾಯಿ ತೆರೆದುಕೊಂಡೇ ಇತ್ತು.

ಶ್ರಾವಣದ ಒಂದು ಬೆಳಿಗ್ಗೆ ಹೊರಗಿನಿಂದ ಒಂದು ದನಿ ಕೇಳಿತು.

"ಮಲ್ಲಸಮುದ್ರದಿಂದ ಬಂದೀನಿ! ಲಕ್ಷ್ಮೇಶ್ವರಕ್ಕ ಹೊಂಟೀನಿ! ದೇವಿ ಹಾಕೂ ಸಾಮಾನು ಐತಿ! ಕಂಬ ಎತ್ತರಿ ನಾಕೇದಾರ್ರ!"

ಯಮನೂರಸಾಬ ಗೋಡೆ ಹಿಡಿದು ಎದ್ದ. ಕೇಳದೆಯೇ ಮೂರಕ್ಕೂ ಉತ್ತರ ಕೊಟ್ಟವರು ಯಾರು? ಕುಂಟುತ್ತ ಹೊರಗೆ ಬಂದ. ಕಂಬ ಇದ್ದ ಜಾಗದಲ್ಲಿ ಗವಿಸಿದ್ದಪ್ಪ ನಿಂತಿದ್ದ. ಊರೂರು ನಡೆದು ಮಕ್ಕಳಿಗೆ ಸಿಡುಬಿನ ಲಸಿಕೆ ಹಾಕುವ ಸರಕಾರಿ ನೌಕರ ಅವನು. ಲಸಿಕೆ ಹಾಕುವುದನ್ನು ನಮ್ಮ ಕಡೆ ಆಗ ದೇವಿ ಹಾಕುವುದು ಅನ್ನುತ್ತಿದ್ದರು. ಬಗಲಲ್ಲಿ ಪೆಟ್ಟಿಗೆ, ಕೈಯಲ್ಲಿ ಛತ್ರಿ.

"ಕಂಬ ಎಲ್ಲೈತ್ರಿ ಗವಿಸಿದ್ದಪ್ಪಾರ" ಅಂದ ಯಮನೂರಸಾಬ.

"ಇಲ್ಲಂತ ಗೊತ್ತೈತ್ರಿ. ಕಾಲು ಕೇಳ್ಬೇಕಲ್ಲ, ರೂಢಿ! ತಾವ ನಿಂತ್ವು ನೋಡ್ರಿ." ನಗುತ್ತಿದ್ದ ಗವಿಸಿದ್ದಪ್ಪನ ಕಣ್ಣು ಕಾಲಿನ ಮೇಲೆ ಬಿತ್ತು. "ಇದೇನಿದು? ಎಷ್ಟು ದಿನಾ ಆತು?"

"ಯುಗಾದಿ ಮುಂದ ಆಗಿದ್ದು."

"ಯುಗಾದೀದು ಶ್ರಾವಣಕ್ಕೂ ಮಾಯಿಲ್ಲಾ? ದವಾಖಾನಿಗೆ ಹೋಗೀರೇನು?"

"ದವಾಖಾನಿ ಏನ ಮಾಡ್ತೈತ್ರಿ. ಗಾಡಿಯವರ ಬೈಗುಳ ಹತ್ತ್ಯಾವ. ಅನುಭವಿಸಬೇಕು."

ಗವಿಸಿದ್ದಪ್ಪ ಪೆಟ್ಟಿಗೆ ಕೆಳಗಿಟ್ಟು ಅಲ್ಲೇ ಕಲ್ಲಿನ ಮೇಲೆ ಕುಳಿತ. "ಬೈಗುಳ ಹತ್ತೂದಿದ್ರ ನಾ ಎಂದೋ ಸಾಯಬೇಕಿತ್ತು. ನಾ ಸೂಜಿ ತಗದ ಕೂಡಲೇ ಹೆಣ್ಮಕ್ಕಳು ನನ್ನ ಮನಿತನಾನ ತೊಳದು ಹಾಕ್ತಾರ. ನೋಡ್ರಿ, ಗಟ್ಟಿಮುಟ್ಟ್ಯಾಗಿ ಕುಂತೀನಿ." ಆಮೇಲೆ ದನಿ ತಗ್ಗಿಸಿ ಕೇಳಿದ. "ರಾತ್ರಿ ನಿದ್ದಿ ಬರ್ತೈತೇನು? ಹೊಟ್ಟಿ ತುಂಬ ಉಣ್ತೀರೇನು? ಯಾರ ಕೂಡರ ಮಾತಾಡ್ತೀರೇನು?"

ಮೂರಕ್ಕೂ ಯಮನೂರಸಾಬ ಇಲ್ಲವೆಂದು ತಲೆ ಅಲ್ಲಾಡಿಸಿದ.

"ಹಂಗಾರ ಕೇಳ್ರಿ. ನಿಮಗ ತಿಳಿಯೂಹಂಗ ಹೇಳ್ತೀನಿ. ನಮ್ಮ ಮೈಗೂ ಒಂದು ನಾಕಾ ಐತಿ. ಗಾಳ್ಯಾಗ, ನೀರಾಗ, ಗಾಯದಾಗ ರೋಗದ ಹುಳ ದಿನಾ ಬರ್ತಾವ. ಒಳಗ ಕಾವಲುಗಾರ್ರು ಇರ್ತಾರ. 'ಎಲ್ಲಿಂದ ಬಂದ್ಯೋ?' ಅಂತ ತಡೀತಾರ. ಕೆಟ್ಟದಿದ್ರ ಅಲ್ಲೇ ಬಡದು ಹಾಕ್ತಾರ. ನಾ ದೇವಿ ಹಾಕೂದಂದ್ರೂ ಅಷ್ಟ, ಆ ಕಾವಲುಗಾರ್ರಿಗೆ ಕಳ್ಳನ ಮಾರಿ ಮೊದಲ ತೋರಿಸಿ ಇಡೂದು."

"ಅವರಿಗೆ ಏನಾಗೇತ್ರಿ ಈಗ?"

"ಅವರು ದಣದಾರ. ಹಾವು ಕಂಡ್ರ ಎದಿ ಡವಡವ ಅಂತೈತಿ, ಮೈಯೆಲ್ಲಾ ಓಡಾಕ ತಯಾರಾಗ್ತೈತಿ. ಒಂದು ಗಳಿಗಿ ಆದ್ರ ಅದು ಒಳ್ಳೇದು, ಜೀವ ಉಳಸ್ತೈತಿ. ನೀವು ನಾಕು ತಿಂಗಳಿಂದ ಹಾವು ಕಂಡವರಂಗ ಕುಂತೀರಿ. ಚಿಂತಿ, ಅಂಜಿಕಿ, ಒಬ್ಬರ ಇರೂದು. ಮೈಯಾಗಿನ ಕಸುವೆಲ್ಲಾ ಅದಕ್ಕ ಹೋದ್ರ ಗಾಯ ಮಾಯಸಾಕ ಯಾರು ಉಳದ್ರು? ಹಂಗಂತ ಬರೇ ಮನಸಿಂದಲೇ ಆಗೇತಿ ಅಂತ ನಾ ಹೇಳಾಂಗಿಲ್ಲ. ಗಾಯದಾಗ ಹುಳಾ ಹೊಕ್ಕಾವ. ಮೊದಲ ದವಾಖಾನಿ. ಆಮ್ಯಾಲ ಉಳದದ್ದು."

ಅಷ್ಟರಲ್ಲಿ ಗೆಜ್ಜೆ ಕೇಳಿತು. ಯಮನೂರಸಾಬ ಒಳಗೆ ಹೋಗಲು ಎದ್ದ. ಗವಿಸಿದ್ದಪ್ಪ ಅವನ ಕೈ ಹಿಡಿದು ಕೂರಿಸಿ, ಛತ್ರಿ ಅಡ್ಡ ಹಿಡಿದು ಗಾಡಿ ನಿಲ್ಲಿಸಿದ. ಮಲ್ಲಸಮುದ್ರದ ಹುಲಗಪ್ಪ ಲಕ್ಷ್ಮೇಶ್ವರದ ಕಡೆಯಿಂದ ಗದಗಿಗೆ ಅರಳೆ ತುಂಬಿಕೊಂಡು ಹೊರಟಿದ್ದ. ಅರಳೆಯಷ್ಟು ಮೆತ್ತಗಿನ ಮನುಷ್ಯನಲ್ಲ, ಮಾತು ಬಲು ಒರಟು.

"ಮತ್ತ ನಾಕಾ ಚಾಲೂ ಆತೇನ್ರಿ?" ಅಂದ. ಕಾಲು ನೋಡಿದ ಮೇಲೆ ಗೊಣಗುತ್ತಲೇ ಜಾಗ ಮಾಡಿಕೊಟ್ಟ.

ಗದಗಿನ ದವಾಖಾನೆಯಲ್ಲಿ ಡಾಕ್ಟರರು ಗಾಯ ತೊಳೆದು, ಔಷಧ ಹಾಕಿ, ಪಟ್ಟಿ ಕಟ್ಟಿದರು. ಗುಳಿಗೆ ಕೊಟ್ಟರು. "ಇನ್ನೂ ತಡ ಮಾಡಿದ್ದರೆ ಕಾಲೇ ತೆಗೆಯಬೇಕಾಗುತ್ತಿತ್ತು. ಇನ್ನೂ ಆ ಭಯ ಹೋಗಿಲ್ಲ. ಹದಿನೈದು ದಿನಕ್ಕೆ ಬಾ. ಮನೆಯಲ್ಲಿ ಯಾರಿದ್ದಾರೆ?" ಎಂದು ಕೇಳಿದರು. "ಎರಡು ಆಡು ಅದಾವ್ರಿ" ಅಂದ ಯಮನೂರಸಾಬ. ಡಾಕ್ಟರರು ನಗಲಿಲ್ಲ.

ಗುಳಿಗೆಯನ್ನು ಅವನು ತಪ್ಪದೆ ನುಂಗಿದ. ಆದರೆ ಗೆಜ್ಜೆ ಕೇಳಿದರೆ ಒಳಗೆ ಹೋಗುವುದನ್ನು ಬಿಡಲಿಲ್ಲ. ಹದಿನೈದು ದಿನದ ಮೇಲೆ ಹೋದಾಗ ಕೀವು ನಿಂತಿತ್ತು, ಗಾಯ ಮಾತ್ರ ತುಂಬಿರಲಿಲ್ಲ. "ಔಷಧ ತನ್ನ ಕೆಲಸ ಮಾಡಿದೆ, ಮೈ ತನ್ನ ಕೆಲಸ ಮಾಡುತ್ತಿಲ್ಲ" ಎಂದರು ಡಾಕ್ಟರರು.

ತಿರುಗಿ ಬರುವಾಗಲೂ ಹುಲಗಪ್ಪನ ಗಾಡಿಯೇ ಸಿಕ್ಕಿತು, ಗವಿಸಿದ್ದಪ್ಪನೂ ಅದರಲ್ಲಿದ್ದ. ಖಾಲಿ ಗಾಡಿಯಲ್ಲಿ ಹುಲ್ಲಿನ ಮೇಲೆ ಯಮನೂರಸಾಬ ಕಣ್ಣು ಮುಚ್ಚಿ ಮಲಗಿದ್ದ. ಇನ್ನು ಈ ಕಾಲು ಹೋದ ಹಾಗೆಯೇ ಅಂದುಕೊಳ್ಳುತ್ತಿದ್ದ. ಕುಂಟನಿಗೆ ಖೋಲಿಯಿಂದ ಹೊರಬರುವ ಕಾರಣವೂ ಉಳಿಯುವುದಿಲ್ಲ. ಮುಂದೆ ಕುಳಿತ ಇಬ್ಬರೂ ಅವನು ನಿದ್ದೆ ಹೋದನೆಂದು ತಿಳಿದರು.

"ಹುಲಗಪ್ಪಾ, ದಾರ್ಯಾಗ ಹೋಗೂ ಮುಂದ ಒಂದೀಟು ನಿಂತು ಆ ಮನಶ್ಯಾನ ಮಾತಾಡ್ಸಿ ಹೋಗಪಾ" ಅಂದ ಗವಿಸಿದ್ದಪ್ಪ.

"ಮಾತಾಡ್ಸಿದ್ರ ಗಾಯ ಮಾಯ್ತಾವೇನ್ರಿ? ಹಂಗಿದ್ರ ನನ್ನ ಹೇಣ್ತಿ ಮಂಜವ್ವ ಊರ ಮಂದೀನೆಲ್ಲಾ ಎಂದೋ ಆರಾಮ ಮಾಡ್ತಿದ್ಲು!"

"ನಗಬ್ಯಾಡ. ಹ್ವಾದ ವರ್ಷ ನಿನ್ನ ಎತ್ತು ಒಂದು ಸತ್ತಿತ್ತಲ್ಲ?"

ಹುಲಗಪ್ಪ ಎತ್ತುಗಳ ಕಡೆ ನೋಡಿದ. "ಹೌದ್ರಿ. ಬಲಗಡೀದು. ಏಳು ವರ್ಷದ ಜೋಡಿ."

"ಉಳದ ಎತ್ತು ಏನ ಮಾಡ್ತು?"

"ಏನ ಕೇಳ್ತೀರಿ ಬಿಡ್ರಿ. ಮೇವಿಗೆ ಮೂತಿ ಹಚ್ಚಲಿಲ್ಲ. ಗೋಡಿ ಕಡೆ ಮಾರಿ ಮಾಡಿ ನಿಂತ ಬಿಡ್ತು. ಮೈತುಂಬ ಉಣ್ಣಿ ಹತ್ತಿದ್ವು. ಹೆಗಲ ಮ್ಯಾಲ ನೊಗ ಒತ್ತಿ ಹುಣ್ಣಾಗಿತ್ತು, ಏನ ಹಚ್ಚಿದ್ರೂ ಮಾಯಲಿಲ್ಲ. ಎರಡು ತಿಂಗಳು ನೊಗಾನ ಇಟ್ಟಿಲ್ರಿ, ಆದರೂ ಮಾಯಲಿಲ್ಲ."

"ಮತ್ತ ಯಾವಾಗ ಮಾಯ್ತು?"

"ಹೊಸಾ ಎತ್ತು ತಂದು ಬಾಜೂಕ ಕಟ್ಟಿದ್ನಿ. ಅದು ಇದರ ಕುತಿಗಿ ನೆಕ್ಕಾಕ ಹತ್ತಿತು. ವಾರದಾಗ ಮೇವು ಹಿಡೀತು, ತಿಂಗಳದಾಗ..." ಹುಲಗಪ್ಪ ತಿರುಗಿ, ಹಿಂದೆ ಹುಲ್ಲಿನ ಮೇಲೆ ಮಲಗಿದ್ದವನನ್ನು ನೋಡಿದ.

ಗಾಡಿಯ ಕೀರಲು ಮಾತ್ರ ಕೇಳುತ್ತಿತ್ತು. ಮುಚ್ಚಿದ ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯುತ್ತಿದ್ದುದನ್ನು ಯಮನೂರಸಾಬ ಒರೆಸಿಕೊಳ್ಳಲೂ ಇಲ್ಲ.

ನಾಕಾ ಬಂತು. ಕಂಬ ಇದ್ದಲ್ಲಿ ಹುಲಗಪ್ಪ ಎತ್ತು ಹಿಡಿದು ನಿಲ್ಲಿಸಿದ. ಯಮನೂರಸಾಬನನ್ನು ಇಳಿಸಿ, ಖೋಲಿಯ ಮುಂದಿನ ಕಟ್ಟೆಯ ಮೇಲೆ ಕೂರಿಸಿದ. ಹೋಗಲು ತಿರುಗಿದವನು ಹೋಗದೆ ರುಮಾಲು ತೆಗೆದು ತಲೆ ಕೆರೆದುಕೊಂಡ. ಅಂಥ ಮಾತು ಆಡಿ ಅವನಿಗೆ ರೂಢಿಯಿರಲಿಲ್ಲ.

"ನಾಕೇದಾರ್ರ, ಇಪ್ಪತ್ತು ವರ್ಷ ನೀವು ಕೇಳಿದ್ರಿ. ಇವತ್ತ ನಾ ಕೇಳ್ತೀನಿ. ಎಲ್ಲಿಂದ?"

ಯಮನೂರಸಾಬ ದಿಕ್ಕು ತೋಚದೆ ನೋಡಿದ. "ಗದಗಿನಿಂದ."

"ಎಲ್ಲಿಗೆ?"

"ಎಲ್ಲಿಗೂ ಇಲ್ಲೋ ಹುಲಗಪ್ಪಾ. ಇಲ್ಲೇ."

ಹುಲಗಪ್ಪ ಅವನ ಎದುರು ಕುಕ್ಕರಗಾಲಲ್ಲಿ ಕುಳಿತ. "ಏನೈತಿ? ಒಳಗ ಏನ ಐತಿ?"

ಇಪ್ಪತ್ತೆರಡು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ತಿರುಗಿಸಿ ಅವನಿಗೆ ಕೇಳಿರಲಿಲ್ಲ. ಮೊದಲು ಸುಗ್ರಾಬಿಯ ಹೆಸರು ಬಂತು. ಅವಳು ಸತ್ತಾಗ ಸರಿಯಾಗಿ ಅತ್ತಿರಲಿಲ್ಲ, ಮರುದಿನವೇ ಕಂಬಕ್ಕೆ ಬಂದು ನಿಂತಿದ್ದ. ಆಮೇಲೆ ಗೆಜ್ಜೆ ಕೇಳಿ ಒಳಗೆ ಅವಿತಿದ್ದು, ಒಬ್ಬನೇ ಪ್ರಶ್ನೆ ಕೇಳಿ ಒಬ್ಬನೇ ಉತ್ತರ ಹೇಳಿದ್ದು, ಹೆರಿಗೆ ನೋವಿನ ಹೆಂಗಸಿನ ಗಾಡಿ, ಬೈಗುಳ. ಎಲ್ಲವೂ ಬಂತು. ಮಾತಿನ ನಡುವೆ ಮಗುವಿನಂತೆ ಅತ್ತ.

"ಬೈದದ್ದು ಖರೆ" ಅಂದ ಹುಲಗಪ್ಪ. "ಸುಂಕಕ್ಕ ಬೈದ್ವಿ, ಸಂಸ್ಥಾನಕ್ಕ ಬೈದ್ವಿ. ನಿಮಗೂ ಒಂದೆರಡು ಬೈದೀನಿ, ಸುಳ್ಳ ಯಾಕ ಹೇಳ್ಲಿ? ಆದರ ದಾರ್ಯಾಗ ನಿಮ್ಮ ಮಾರಿ ಕಾಣದಿದ್ರ ಏನೋ ಬಿಟ್ಟ ಬಂದಂಗ ಆಗ್ತೈತಿ. ನೀವು ಸಿಟ್ಟಿಗೆದ್ದೀರಿ ಅಂತ ನಾವು ತಿಳದ್ವಿ, ಕಾಕಾ."

ನಾಕೇದಾರ ಹೋಗಿ ಕಾಕಾ ಆಗಿದ್ದು ಅವತ್ತು.

ಮರುವಾರ ಹುಲಗಪ್ಪನ ಗಾಡಿಯಲ್ಲಿ ಮಂಜವ್ವನೂ ಬಂದಳು. ರೊಟ್ಟಿ, ಪುಂಡಿಪಲ್ಯೆ, ಶೇಂಗಾ ಹಿಂಡಿ ತಂದಿದ್ದಳು. ಗಂಡ ಗತ್ತಿನಿಂದ ಮೂರು ಪ್ರಶ್ನೆ ಕೇಳುವುದನ್ನು ಕಂಡು ಸೊಂಟದ ಮೇಲೆ ಕೈ ಇಟ್ಟಳು. "ಏನವ್ವಾ ನಮ್ಮ ಯಜಮಾನರು! ಹದಿಮೂರು ವರ್ಷ ಸಂಸಾರ ಮಾಡೀನಿ, 'ಒಳಗ ಏನೈತಿ' ಅಂತ ನನ್ನ ಒಂದಿನಾ ಕೇಳಿಲ್ಲ. ಗಡಿಗ್ಯಾಗ ಏನೈತಿ ಅಂತ ದಿನಾ ಕೇಳ್ತಾರ!" ಯಮನೂರಸಾಬ ನಕ್ಕ. ಯುಗಾದಿ ಆದ ಮೇಲೆ ಅವನು ನಕ್ಕಿದ್ದು ಅದೇ ಮೊದಲು. ಹುಲಗಪ್ಪ ನಗಲಿಲ್ಲ, ಹೆಂಡತಿಯ ಮುಖವನ್ನೇ ಒಂದಿಷ್ಟು ಹೊತ್ತು ನೋಡಿದ.

ಹುಲಗಪ್ಪ ನಿಂತಿದ್ದನ್ನು ಕಂಡು ಹಿಂದಿನ ಗಾಡಿಯವರೂ ನಿಂತರು. ಎಲ್ಲರೂ ಅಲ್ಲ, ಜಲ್ದಿಯಲ್ಲಿದ್ದವರು ಕೈ ಎತ್ತಿ ಹೋದರು. ಅಷ್ಟೂ ಸಾಕಿತ್ತು. "ಕಾಕಾ, ನಮ್ಮ ತಮ್ಮ ಬಂದ್ರ ಸಂತ್ಯಾಗ ಸಿಗಂತ ಹೇಳ್ರಿ" ಎಂದು ಖಬರು ಬಿಟ್ಟು ಹೋಗತೊಡಗಿದರು. ಯಾವ ಊರಿನಲ್ಲಿ ಕೂಸು ಹುಟ್ಟಿದೆ, ಯಾರಿಗೆ ಇನ್ನೂ ದೇವಿ ಹಾಕಿಲ್ಲ ಅನ್ನುವುದು ಗವಿಸಿದ್ದಪ್ಪನಿಗೆ ಈಗ ನಾಕಾದಲ್ಲೇ ತಿಳಿಯುತ್ತಿತ್ತು. ಯಮನೂರಸಾಬ ಎರಡು ಹೊತ್ತು ಒಲೆ ಹಚ್ಚಿದ. ಶುಕ್ರವಾರದ ನಮಾಜಿಗೆ ಹೋದ, ಅಮೀನಬಿಯ ಮನೆಯಲ್ಲಿ ನಾಲ್ಕು ದಿನ ಇದ್ದು ಬಂದ. ಪಟ್ಟಿ ಬದಲಿಸಲು ಗದಗಿಗೆ ಹೋಗುವುದನ್ನು ಮಾತ್ರ ಒಂದು ಸಲವೂ ತಪ್ಪಿಸಲಿಲ್ಲ.

ದಸರೆಗೆ ಗಾಯದ ಅಂಚು ಕೆಂಪಗೆ ಕೂಡಿತು. ದೀಪಾವಳಿಗೆ ಡಾಕ್ಟರರು ಪಟ್ಟಿ ಬಿಚ್ಚಿ "ಇನ್ನು ಬರಬೇಡ" ಅಂದರು. ಕಾಲು ಉಳಿಯಿತು.

ಎಂಟು ವರ್ಷದ ಮೇಲೆ, ೧೯೫೬ರ ನವೆಂಬರ್ ಒಂದರಂದು, ಕನ್ನಡ ನಾಡೆಲ್ಲ ಒಂದಾದ ದಿನ, ಲಕ್ಷ್ಮೇಶ್ವರದ ಕಡೆಯಿಂದ ಗಾಡಿಗಳ ಸಾಲು ಗದಗಿಗೆ ಹೊರಟಿತ್ತು. ತಡೆಯಲು ಅಲ್ಲಿ ಕಂಬವಿಲ್ಲ, ಕೇಳುವ ಸರಕಾರವಿಲ್ಲ. ಆದರೂ ಪ್ರತಿ ಗಾಡಿ ಖೋಲಿಯ ಮುಂದೆ ನಿಧಾನವಾಯಿತು. ಕಟ್ಟೆಯ ಮೇಲೆ ಮುದುಕ ಎದ್ದು ನಿಂತಿದ್ದ, ಎರಡೂ ಕಾಲ ಮೇಲೆ.

ಅಕ್ಕಂದಿರೇ, ಅಣ್ಣಂದಿರೇ, ಗವಿಸಿದ್ದಪ್ಪ ತನ್ನ ಅನುಭವದಿಂದ ಹೇಳಿದ್ದನ್ನು ಇವತ್ತಿನ ವೈದ್ಯರು ಪರೀಕ್ಷೆ ಮಾಡಿ ನೋಡಿದ್ದಾರೆ. ಬಹುಕಾಲದ ಚಿಂತೆ, ಭಯ, ದುಃಖ, ಒಂಟಿತನ ಇವು ರೋಗ ತಡೆಯುವ ಶಕ್ತಿಯನ್ನು ತಗ್ಗಿಸುತ್ತವೆ. ನೆಗಡಿ ಬೇಗ ಹತ್ತುತ್ತದೆ, ಗಾಯ ತಡವಾಗಿ ಮಾಯುತ್ತದೆ. ಹಾಗೆಂದು ಕಾಯಿಲೆಯವರಿಗೆ "ಎಲ್ಲಾ ನಿನ್ನ ಮನಸ್ಸಿನದು" ಎಂದು ಹೇಳಬೇಡಿ, ಅದು ತಪ್ಪು. ಎರಡು ವಾರ ದಾಟಿದ ಕೆಮ್ಮು, ಮಾಯದ ಗಾಯ, ಮತ್ತೆ ಮತ್ತೆ ಬರುವ ಜ್ವರ ಇದ್ದರೆ ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ. ಔಷಧ ನಡುವೆ ಬಿಡಿಸಬೇಡಿ. ಅದರ ಜೊತೆಗೆ ಹೊಟ್ಟೆ ತುಂಬ ಊಟ, ಕಣ್ಣು ತುಂಬ ನಿದ್ದೆ, ಬಾಯಿ ತುಂಬ ಮಾತು ಸಿಗುವಂತೆ ನೋಡಿಕೊಳ್ಳಿ. ಮನಸ್ಸಿನ ಭಾರ ತಡೆಯಲಾಗದಿದ್ದರೆ ಅದಕ್ಕೂ ವೈದ್ಯರಿದ್ದಾರೆ, ಕೇಳಲು ನಾಚಿಕೆ ಬೇಡ.

ಇವತ್ತು ಈ ಸಭೆ ಮುಗಿಸಿ ಮನೆಗೆ ಹೋಗುವಾಗ ದಾರಿಯಲ್ಲಿ ಮುಚ್ಚಿದ ಬಾಗಿಲೊಂದು ನಿಮಗೆ ಸಿಗುತ್ತದೆ. ಯಾರದೆಂದು ನಿಮಗೆ ಗೊತ್ತು. ಅಲ್ಲಿ ಒಂದು ಗಳಿಗೆ ನಿಲ್ಲಿ. ಒಳಗೆ ಏನಿದೆ ಎಂದು ಕೇಳಿ. ಕೇಳಿದ ಮೇಲೆ, ಉತ್ತರ ಬರುವ ತನಕ ಅಲ್ಲೇ ಕುಳಿತಿರಿ.